ಸೀಮೆಎಣ್ಣೆಗೆ ತಿರುಗಿಸಿದ ಮೇಲೆ ಮಿಸ್ಸಿಂಗ್, ಕೆಳಗಿನ ಪ್ಲಗ್ ಮಾತ್ರ ಒದ್ದೆ

ಪ್ರಶ್ನೆ: ನಾಡದೋಣಿಯ ಔಟ್‌ಬೋರ್ಡ್, 9.9 ಎಚ್‌ಪಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಸೀಮೆಎಣ್ಣೆ ಮಾದರಿ. ಪೆಟ್ರೋಲಿನಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ, ನಿಧಾನದಲ್ಲಿ ತೊಂದರೆ ಇಲ್ಲ. ಸೀಮೆಎಣ್ಣೆಗೆ ತಿರುಗಿಸಿ ಥ್ರಾಟಲ್ ಅರ್ಧ ದಾಟಿಸಿದರೆ ಮಿಸ್ಸಿಂಗ್, ಅಂದರೆ ನಡುನಡುವೆ ಉರಿ ತಪ್ಪುತ್ತದೆ, ದೋಣಿ ವೇಗ ಹಿಡಿದು ಏಳುವುದೇ ಇಲ್ಲ. ಮೇಲಿನ ಸ್ಪಾರ್ಕ್ ಪ್ಲಗ್ ಕಂದು ಬಣ್ಣ, ಕೆಳಗಿನದು ಕಪ್ಪಾಗಿ ಒದ್ದೆ. ಕಾರ್ಬುರೇಟರ್ ಒಂದೇ, ಬಿಚ್ಚಿ ತೊಳೆದಾಗಿದೆ. ಮುಂದೇನು ನೋಡಬೇಕು ಹೇಳಿ.

ಉತ್ತರ: ಕಾರ್ಬುರೇಟರ್ ಒಂದೇ ಆಗಿದ್ದು ಮೇಲಿನ ಸಿಲಿಂಡರ್ ಸರಿಯಾಗಿ ಉರಿಯುತ್ತಿದ್ದರೆ ಜೆಟ್ (ಇಂಧನ ಹಾಯುವ ಸಣ್ಣ ತೂತು) ಮೇಲೆ ಅನುಮಾನ ಬೇಡ. ಒದ್ದೆ ಪ್ಲಗ್ ಅಂದರೆ ಎಣ್ಣೆ (ಇಂಧನ) ಬಂದಿದೆ, ಉರಿದಿಲ್ಲ. ಕಿಡಿ ಅಥವಾ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ), ಇವೆರಡರಲ್ಲಿ ಒಂದು.

ಮೊದಲು ಎರಡು ಪ್ಲಗ್‌ಗಳನ್ನು ಅದಲುಬದಲು ಮಾಡಿ ಓಡಿಸಿ. ಒದ್ದೆ ಮೇಲಕ್ಕೆ ಹೋದರೆ ಪ್ಲಗ್ ಕೆಟ್ಟಿದೆ. ಕೆಳಗೇ ಉಳಿದರೆ ಕಂಪ್ರೆಶನ್ ನೋಡಿ. ಎಂಜಿನ್ ಬಿಸಿ ಇರಲಿ, ಎರಡೂ ಪ್ಲಗ್ ಬಿಚ್ಚಿ, ಸ್ಟಾಪ್ ಸ್ವಿಚ್ಚಿನ ಹಗ್ಗ ಎಳೆದಿಟ್ಟು, ಪ್ಲಗ್ ವೈರ್‌ಗಳನ್ನು ಬ್ಲಾಕ್‌ಗೆ ಅರ್ತ್ ಮಾಡಿ, ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಸಿಕ್ಕಿಸಿ, ಥ್ರಾಟಲ್ ಪೂರ್ತಿ ತೆರೆದು ನಾಲ್ಕೈದು ಸಲ ಎಳೆಯಿರಿ. ಮುಳ್ಳು ಎಷ್ಟಕ್ಕೆ ನಿಂತಿತು ಎನ್ನುವುದಕ್ಕಿಂತ ಎರಡರ ನಡುವಿನ ಅಂತರ ಮುಖ್ಯ. ಸೀಮೆಎಣ್ಣೆ ಮಾದರಿಯಲ್ಲಿ ಕಂಪ್ರೆಶನ್ ಹೇಗೂ ಕಡಿಮೆ ಇರುತ್ತದೆ, ಪೆಟ್ರೋಲ್ ಮಾದರಿಯ ಅಂಕಿ ನೋಡಿ ಗಾಬರಿ ಬೇಡ. ಅಂತರ ಶೇಕಡಾ 10ರಿಂದ 15 ದಾಟಿದರೆ ಮಾತ್ರ ರಿಂಗ್, ಗ್ಯಾಸ್ಕೆಟ್ ಕಡೆಗೆ ಹೋಗಿ.

ಪ್ಲಗ್ ಬಣ್ಣದ ಬಗ್ಗೆ ಇನ್ನೊಂದು ಮಾತು. ತೊಳೆದಿಟ್ಟಂತೆ ಬೆಳ್ಳಗೆ, ಅಂಚಿನಲ್ಲಿ ತುಕ್ಕು ಇರುವ ಪ್ಲಗ್ ಕಂಡು ಖುಷಿಪಡಬೇಡಿ. ಹೆಡ್ ಗ್ಯಾಸ್ಕೆಟ್ ದಾಟಿ ನೀರು ಒಳಗೆ ಬರುತ್ತಿರಬಹುದು. ಕಪ್ಪು ಪ್ಲಗ್‌ಗಿಂತ ಅದು ದೊಡ್ಡ ಖರ್ಚು.

ಮರುಪ್ರಶ್ನೆ: ಪ್ಲಗ್ ಬದಲಿಸಿದರೂ ಕೆಳಗಿನದೇ ಒದ್ದೆ. ಕಂಪ್ರೆಶನ್ ಎರಡೂ ಹೆಚ್ಚುಕಡಿಮೆ ಸಮ. ಪ್ಲಗ್ ಹೊರಗಿಟ್ಟು ಎಳೆದರೆ ಕೆಳಗಿನ ಕಿಡಿ ನೀಲಿಯಾಗಿ ಚೆನ್ನಾಗಿಯೇ ಇದೆ. ಕಾಯಿಲ್ ಒಂದೇ, ಅದರಿಂದ ಎರಡು ವೈರ್. ಸಿಡಿಐ (ಕಿಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬದಲಿಸಿ ಎನ್ನುತ್ತಾರೆ, ದುಬಾರಿ.

ಉತ್ತರ: ಸಿಡಿಐಗೆ ದುಡ್ಡು ಹಾಕಬೇಡಿ ಮಾರಾಯ್ರೆ. ಒಂದೇ ಕಾಯಿಲ್ ಎರಡಕ್ಕೂ ಕಿಡಿ ಕೊಡುತ್ತದೆ. ಸಿಡಿಐ, ಪಲ್ಸರ್ (ಕಿಡಿಯ ಹೊತ್ತು ತಿಳಿಸುವ ಕಾಯಿಲ್), ಚಾರ್ಜ್ ಕಾಯಿಲ್ (ಸಿಡಿಐಗೆ ಕರೆಂಟು ಕೊಡುವುದು), ಸ್ಟಾಪ್ ಸ್ವಿಚ್ಚು, ಯಾವುದು ಕೆಟ್ಟರೂ ಎರಡೂ ಸಿಲಿಂಡರಿಗೆ ಪೆಟ್ಟು ಬೀಳಬೇಕು. ನಿಮ್ಮಲ್ಲಿ ಮೇಲಿನದು ಸರಿ ಇದೆ.

ಇಂಥ ಕಾಯಿಲ್‌ನಲ್ಲಿ ಕರೆಂಟು ಒಂದು ವೈರಿನಿಂದ ಹೊರಟು, ಒಂದು ಪ್ಲಗ್ ದಾಟಿ, ಬ್ಲಾಕ್ ಮೂಲಕ ಇನ್ನೊಂದು ಪ್ಲಗ್ ಹಿಡಿದು ವಾಪಸ್ ಬರುತ್ತದೆ. ಒಂದು ವೈರ್ ಒಳಗೆ ತುಂಡಾದರೆ ಎರಡು ಕಿಡಿಯೂ ಸೊರಗುತ್ತವೆ. ವೈರ್ ಅಥವಾ ಅದರ ತುದಿಯ ಪ್ಲಗ್ ಕ್ಯಾಪ್ ಬಿರುಕು ಬಿಟ್ಟು ಕರೆಂಟು ಬ್ಲಾಕ್‌ಗೆ ಸೋರಿದರೆ ಆ ಕಡೆಯ ಪ್ಲಗ್ ಮಾತ್ರ ತಪ್ಪುತ್ತದೆ. ಹಾಗಾಗಿ ಕೆಳಗಿನ ಕ್ಯಾಪ್ ಅಥವಾ ವೈರಿನ ಹೊರಕವಚ ನೋಡಿ.

ಹೊರಗೆ ಕಿಡಿ ಚೆನ್ನಾಗಿ ಕಂಡರೆ ಏನೂ ಖಾತ್ರಿಯಾಗುವುದಿಲ್ಲ. ಸಿಲಿಂಡರಿನ ಒತ್ತಡದಲ್ಲಿ ಅದೇ ಗ್ಯಾಪ್ ಹಾರಲು ಬಹಳ ಹೆಚ್ಚು ವೋಲ್ಟೇಜ್ ಬೇಕು, ಥ್ರಾಟಲ್ ತೆರೆದಷ್ಟೂ ಇನ್ನೂ ಜಾಸ್ತಿ. ಆಗ ಕರೆಂಟು ಬಿರುಕಿನಲ್ಲಿ ಸುಲಭದ ದಾರಿ ಹುಡುಕುತ್ತದೆ. ನಿಧಾನದಲ್ಲಿ ಸರಿ, ಎಳೆತದಲ್ಲಿ ಮಿಸ್ಸಿಂಗ್ ಆಗುವುದು ಅದಕ್ಕೇ. ಪೆಟ್ರೋಲಿನಲ್ಲಿ ಒದ್ದೆಯಾದ ಪ್ಲಗ್ ಬೇಗ ಆರುತ್ತದೆ, ಸೀಮೆಎಣ್ಣೆ ಆರುವುದಿಲ್ಲ. ಒಂದೆರಡು ಕಿಡಿ ತಪ್ಪಿದರೆ ಪ್ಲಗ್ ಪೂರ್ತಿ ನೆನೆದು ಮತ್ತೆ ಮೇಲೇಳುವುದಿಲ್ಲ.

ಸಂಜೆಗತ್ತಲಲ್ಲಿ ಕವರ್ ತೆಗೆದು ಎಂಜಿನ್ ಓಡಿಸಿ, ಕೆಳಗಿನ ವೈರ್ ಮೇಲೆ ನೀರನ್ನು ತೆಳ್ಳಗೆ ಸ್ಪ್ರೇ ಮಾಡಿ. ಸೋರುವ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ, ಚಟಚಟ ಕೇಳುತ್ತದೆ. ಎಣ್ಣೆ ಸೋರಿಕೆ ಇದ್ದರೆ ಈ ಪರೀಕ್ಷೆ ಮಾಡಲೇಬೇಡಿ, ವೈರ್ ಕೈಯಲ್ಲಿ ಹಿಡಿಯಲೂಬೇಡಿ. ಇನ್ನೂ ಸುಲಭ ಬೇಕಾದರೆ ಎರಡು ಕ್ಯಾಪ್‌ಗಳನ್ನೇ ಅದಲುಬದಲು ಮಾಡಿ ನೋಡಿ. ತಿರುಪಿನ ಕ್ಯಾಪ್ ಆಗಿದ್ದರೆ ತಿರುಗಿಸಿದರೆ ಬಿಚ್ಚುತ್ತದೆ. ವೈರಿನ ತುದಿಯ ತಾಮ್ರ ಹಸಿರಾಗಿದ್ದರೆ 5 ಮಿ.ಮೀ. ಕತ್ತರಿಸಿ ಹೊಸ ಕ್ಯಾಪ್ ತಿರುಗಿಸಿ. ರಬ್ಬರಿನ ಒಳಗೆ ಉಪ್ಪು ಕಟ್ಟಿದ್ದರೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಯದ ಗ್ರೀಸ್) ತೆಳ್ಳಗೆ ಹಚ್ಚಿ.

ಪರೀಕ್ಷೆಗಾಗಿ ಓಡುತ್ತಿರುವ ಎಂಜಿನ್ನಿನ ಕ್ಯಾಪ್ ಕಿತ್ತು ಗಾಳಿಯಲ್ಲಿ ಬಿಡುವವರಿದ್ದಾರೆ. ಕಿಡಿಗೆ ದಾರಿ ಸಿಗದೆ ಕಾಯಿಲ್ ಒಳಗೇ ಸುಡುತ್ತದೆ. ಎಂಜಿನ್ ನಿಲ್ಲಿಸಿ, ಹಳೆ ಪ್ಲಗ್ ಒಂದನ್ನು ಕ್ಯಾಪ್‌ಗೆ ಸಿಕ್ಕಿಸಿ, ಕಾರ್ಬುರೇಟರಿನಿಂದ ದೂರದಲ್ಲಿ ಬ್ಲಾಕ್‌ಗೆ ತಂತಿ ಸುತ್ತಿ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ.

ಇನ್ನೊಬ್ಬರ ಪ್ರಶ್ನೆ: ಒದ್ದೆ ಪ್ಲಗ್‌ಗೆ ಎನ್‌ಜಿಕೆ ಕಂಪನಿಯ ಬಿ7 ತೆಗೆದು ಬಿ6 ಹಾಕಿದರೆ ಸಾಕಲ್ಲವೇ?

ಉತ್ತರ: ಎನ್‌ಜಿಕೆಯಲ್ಲಿ ಅಂಕಿ ಇಳಿದಷ್ಟೂ ಪ್ಲಗ್ ಬಿಸಿ. ಮಾದರಿಯ ಪುಸ್ತಕದಲ್ಲಿ ಬಿ6 ಎಂದೇ ಇದ್ದರೆ ಹಾಕಿ. ಇಲ್ಲದಿದ್ದರೆ ಕಾಯಿಲೆ ಮುಚ್ಚಿಟ್ಟಂತೆ, ಅಷ್ಟೆ. ಪೂರ್ತಿ ಥ್ರಾಟಲಿನಲ್ಲಿ ಪ್ಲಗ್ ತುದಿಯೇ ಕೆಂಡವಾಗಿ, ಕಿಡಿಗೆ ಮೊದಲೇ ಎಣ್ಣೆ ಉರಿದು ಪಿಸ್ಟನ್ ತೂತಾಗಬಹುದು. ಪ್ಲಗ್ ನಂಬರಿನ ಕೊನೆಯಲ್ಲಿ 10 ಎಂದಿದ್ದರೆ ಗ್ಯಾಪ್ 1.0 ಮಿ.ಮೀ. ಎಂದು ಅರ್ಥ, ಅದನ್ನೂ ಹೊಂದಿಸಿಕೊಳ್ಳಿ.

ಮತ್ತೊಬ್ಬರ ಪ್ರಶ್ನೆ: ನನ್ನದು ಬರೀ ಪೆಟ್ರೋಲ್. ಪೂರ್ತಿ ವೇಗದಲ್ಲಿ ಸ್ವಲ್ಪ ದೂರ ಹೋದ ಮೇಲೆ ಮುಗ್ಗರಿಸುತ್ತದೆ. ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತಿದರೆ ಮತ್ತೆ ಎದ್ದು ಓಡುತ್ತದೆ.

ಉತ್ತರ: ಬಲ್ಬ್ ಒತ್ತಿದಾಗ ಸರಿಯಾದರೆ ಅದು ಎಣ್ಣೆಯ ಬರ, ಕಿಡಿಯದಲ್ಲ. ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ ನೋಡಿ, ಬಹಳ ಕಡೆ ಇಷ್ಟೇ ಇರುತ್ತದೆ. ಬಲ್ಬ್ ಚಪ್ಪಟೆಯಾಗುತ್ತಿದ್ದರೆ ಟ್ಯಾಂಕ್ ಕಡೆ ಅಡ್ಡಿ: ಗಾಳಿ ತಿರುಪು, ಟ್ಯಾಂಕಿನೊಳಗಿನ ಜಾಲರಿ. ಚಪ್ಪಟೆಯಾಗದೆ ಮೆತ್ತಗಿದ್ದರೆ ಕನೆಕ್ಟರಿನ ಓ ರಿಂಗ್‌ನಲ್ಲಿ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ತೆಳು ಪೊರೆ) ಹರಿದಿದೆ. ಬಲ್ಬ್ ಒತ್ತುತ್ತಲೇ ಮನೆ ಸೇರೋಣ ಎಂದು ಪೂರ್ತಿ ವೇಗದಲ್ಲಿ ಓಡಿಸಬೇಡಿ. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್‌ಗೆ ಆಯಿಲೂ ಇಲ್ಲ, ಗೀರು ಬಿದ್ದು ಹಿಡಿದುಕೊಳ್ಳುತ್ತದೆ.

ನೀರು ಸೇರಿದೆಯೇ ತಿಳಿಯಲು ಟ್ಯಾಂಕಿನ ತಳದಿಂದ ಕಾಲು ಲೀಟರ್ ಗಾಜಿನ ಬಾಟಲಿಗೆ ತೆಗೆದು 15 ನಿಮಿಷ ಅಲ್ಲಾಡಿಸದೆ ಇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ನೀರು ಹೀರಿ ಕೊನೆಗೆ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ, ಎಂಜಿನ್ ಎಳೆಯುವುದು ತಳದ್ದನ್ನು. ಪದರ ಕಂಡರೆ ಕಲಕಿ ಉಪಯೋಗಿಸಬೇಡಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಮೊದಲ ಪ್ರಶ್ನಿಗರು: ಕ್ಯಾಪ್ ಅದಲುಬದಲು ಮಾಡಿದೆ, ಈಗ ಮೇಲಿನ ಪ್ಲಗ್ ಒದ್ದೆ. ಹೊಸ ಕ್ಯಾಪ್ ತರಿಸುತ್ತೇನೆ. ಡ್ರಮ್ಮಿನಲ್ಲಿಟ್ಟು ಓಡಿಸಿ ನೋಡಿದರೆ ಸಾಕೇ?

ಉತ್ತರ: ಕ್ಯಾಪ್‌ನದೇ ದೋಷ, ಇನ್ನೊಂದನ್ನೂ ಜೊತೆಗೇ ಬದಲಿಸಿ. ಡ್ರಮ್ಮಿನಲ್ಲಿ ಎಂಜಿನ್‌ಗೆ ಭಾರ ಬೀಳುವುದಿಲ್ಲ, ಹಳೆ ಕ್ಯಾಪ್‌ನಲ್ಲೂ ಅಲ್ಲಿ ಸರಿಯಾಗಿಯೇ ಓಡುತ್ತಿತ್ತು. ಇಬ್ಬರು ಹೋಗಿ, ಹೊಳೆಯ ಒಳಗೇ ಪೂರ್ತಿ ಥ್ರಾಟಲಿನಲ್ಲಿ ಹತ್ತು ನಿಮಿಷ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಎರಡೂ ಕಂದು ಬಣ್ಣಕ್ಕೆ ಬರುವವರೆಗೆ ಅಳಿವೆ ದಾಟಬೇಡಿ. ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರ್ ಬಟ್ಟಲಿನ ಸೀಮೆಎಣ್ಣೆ ಖಾಲಿಯಾಗುವಷ್ಟು ಹೊತ್ತು ಓಡಿಸಿ.