ಇಂಗಾಲ-14ರಿಂದ ಅಜ್ಜಿಯ ವಯಸ್ಸು ತಿಳಿಯಬಹುದೇ?

ಪಾಂಡವಪುರದ ಮೇಷ್ಟ್ರು

ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತಾನಾಗಿ ಕ್ಷಯಿಸುವ ಇಂಗಾಲದ ಬಗೆಯಾದ ಇಂಗಾಲ-14ರ ಅರ್ಧಾಯು, ಅಂದರೆ ಅದರ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲ, 5,730 ವರ್ಷ, ಆದರೆ ಅದರ ಒಂದು ನಿರ್ದಿಷ್ಟ ಪರಮಾಣು ಯಾವಾಗ ಕ್ಷಯಿಸುತ್ತದೆಂದು ಯಾರೂ ಹೇಳಲಾರರು ಎಂದು ಮೊನ್ನೆ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಒಂದರ ಗತಿಯೇ ಗೊತ್ತಿಲ್ಲ ಅಂದ್ಮೇಲೆ ಎಲ್ಲದರ ಲೆಕ್ಕ ಎಂಗೆ ಸಿಕ್ಕುತ್ತೆ ಸಾ? ಸಿಕ್ಕೋದಾದ್ರೆ ನಮ್ಮಜ್ಜಿ ವಯಸ್ಸೂ ಹೇಳಿಬಿಡಿ" ಎಂದ. ಆ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಅನೇಕ ಹಿರಿಯರಿಗಿರುವಂತೆ ಜನವರಿ 1 ಎಂದಿದೆ. ಗಾಂಧೀಜಿ ತೀರಿಕೊಂಡ ವರ್ಷ ತನಗೆ ಮುಂದಿನ ಹಾಲುಹಲ್ಲು ಬೀಳುತ್ತಿದ್ದವು ಎಂಬುದೊಂದೇ ಅವರಿಗಿರುವ ಗುರುತು. ಅಲ್ಲಿಗೆ 1941ರ ಆಸುಪಾಸಿನಲ್ಲಿ ಹುಟ್ಟಿರಬೇಕು. ಕಳೆದ ತಿಂಗಳು ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದ್ದಾರೆ. ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕೆಂದಿದ್ದೇನೆ. ಇದೇ ಇಂಗಾಲದಿಂದ ಸಾವಿರಾರು ವರ್ಷಗಳ ಹಿಂದಿನ ಮಳೆಯನ್ನೂ ಅಳೆಯುತ್ತಾರೆಂದು ಓದಿದ್ದೇನೆ. ಅದು ಹೇಗೆಂಬುದನ್ನೂ ಬಲ್ಲವರು ತಿಳಿಸಬೇಕು.

ಸರಸ್ವತಿಪುರಂ ನಿವೃತ್ತ

ಮೇಷ್ಟ್ರೇ, ಹುಡುಗನ ಮೊದಲ ಪ್ರಶ್ನೆಗೆ ಇನ್ನೂರು ಹುಣಸೆ ಬೀಜ ಸಾಕು. ಚೌಕಾಬಾರದ ದಾಳಕ್ಕೆ ಮಾಡುವಂತೆ ಪ್ರತಿ ಬೀಜದ ಒಂದು ಮುಖವನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಸಿ, ಎಲ್ಲವನ್ನೂ ಒಟ್ಟಿಗೆ ಚೆಲ್ಲಿಸಿ, ಬಿಳಿ ಮೇಲಾದವನ್ನು ತೆಗೆದು, ಉಳಿದವನ್ನು ಮತ್ತೆ ಚೆಲ್ಲಿಸುತ್ತಾ ಹೋಗಿ. ಯಾವ ಬೀಜ ಯಾವ ಸರದಿಯಲ್ಲಿ ಹೋಗುತ್ತದೆಂದು ಹೇಳಲಾಗದು, ಆದರೆ ಪ್ರತಿ ಸರದಿಯಲ್ಲೂ ಹೆಚ್ಚುಕಡಿಮೆ ಅದೇ ಪಾಲು ಹೋಗುತ್ತದೆ. ಹತ್ತು ಸರದಿ ಉಳಿದುಕೊಂಡ ಬೀಜಕ್ಕೆ ಹನ್ನೊಂದನೆಯ ಸರದಿಯಲ್ಲಿ ದಣಿವೇನೂ ಇರುವುದಿಲ್ಲ.

ಕ್ವಾಂಟಂ ಭೌತವಿಜ್ಞಾನ ಪರಮಾಣುವಿನ ಬಗ್ಗೆ ಹೇಳುವುದೂ ಇದನ್ನೇ. ನಿನ್ನೆ ಹುಟ್ಟಿದ ಇಂಗಾಲ-14ಕ್ಕೂ ಹತ್ತು ಸಾವಿರ ವರ್ಷ ಕಾದಿರುವ ಇಂಗಾಲ-14ಕ್ಕೂ ನಾಳೆ ಕ್ಷಯಿಸುವ ಸಂಭವನೀಯತೆ ಒಂದೇ, ಏಕೆಂದರೆ ಪರಮಾಣುವಿಗೆ ಮುಪ್ಪಿಲ್ಲ. ಮನುಷ್ಯನ ಲೆಕ್ಕ ಬೇರೆ. ಪ್ರಾಯ ಬಂದ ಮೇಲೆ ಸುಮಾರು ಎಂಟು ವರ್ಷಕ್ಕೊಮ್ಮೆ ಸಾವಿನ ಸಂಭವ ಇಮ್ಮಡಿಯಾಗುತ್ತದೆ. ಈ ಬಗೆಯ ಏರಿಕೆಗೆ ಇಂಗ್ಲಿಷ್ ಗಣಿತಜ್ಞ ಬೆಂಜಮಿನ್ ಗಾಂಪರ್ಟ್ಸ್ 1825ರಲ್ಲೇ ಸೂತ್ರ ಕೊಟ್ಟಿದ್ದ. ಮುಪ್ಪಾಗದೆ ಇರುವುದರಿಂದಲೇ ಇಂಗಾಲ-14 ಗಡಿಯಾರವಾಗಿದೆ: ಎಷ್ಟು ಪಾಲು ಉಳಿದಿದೆ ಎಂಬುದರಿಂದ ಎಷ್ಟು ಕಾಲ ಕಳೆಯಿತೆಂದು ಲೆಕ್ಕ ಹಾಕಬಹುದು.

ಇನ್ನು ಅಜ್ಜಿಯ ವಿಷಯ. ಜೀವಂತ ವಸ್ತುವಿನ ಒಂದು ಗ್ರಾಂ ಇಂಗಾಲದಲ್ಲಿ ಸುಮಾರು ಆರು ಸಾವಿರ ಕೋಟಿ ಇಂಗಾಲ-14 ಪರಮಾಣುಗಳಿದ್ದು, ನಿಮಿಷಕ್ಕೆ ಹದಿನಾಲ್ಕರಷ್ಟು ಮಾತ್ರ ಕ್ಷಯಿಸುತ್ತವೆ. ಹನ್ನೆರಡು ಗಂಟೆ ಎಣಿಸಿದರೆ ಹತ್ತು ಸಾವಿರ ಸಿಗುತ್ತವೆ. ಹತ್ತು ಸಾವಿರದ ಎಣಿಕೆಯಲ್ಲಿ ನೂರರಷ್ಟು, ಅಂದರೆ ಶೇಕಡಾ 1ರಷ್ಟು ಏರುಪೇರು ಸಹಜ, ಮತ್ತು ಶೇಕಡಾ 1 ಎಂದರೆ ಕಾಲದಲ್ಲಿ ಸುಮಾರು 80 ವರ್ಷ. ಅಜ್ಜಿಯ ಇಡೀ ಆಯುಷ್ಯ ತಪ್ಪಿನ ಅಂಚಿನೊಳಗೇ ಕರಗಿಹೋಗುತ್ತದೆ.

ಜೀವರಸಾಯನ

ಹಿರಿಯರ ಲೆಕ್ಕ ಸರಿ, ಆದರೆ ತೀರ್ಮಾನವನ್ನು ಒಪ್ಪಲಾರೆ. ಮನುಷ್ಯನ ಆಯುಷ್ಯದ ಅಳತೆಗೆ ಕ್ಷಯವನ್ನು ನೆಚ್ಚಬೇಕಾಗಿಯೇ ಇಲ್ಲ. 1955ರಿಂದ ವಾಯುಮಂಡಲದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳು ಗಾಳಿಯ ಇಂಗಾಲ-14ನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದವು. 1963ರ ನಿಷೇಧ ಒಪ್ಪಂದದ ನಂತರ ಕಡಲು, ಗಿಡಮರಗಳು ಅದನ್ನು ಹೀರಿಕೊಂಡಂತೆ ಪ್ರಮಾಣ ವರ್ಷವರ್ಷವೂ ಇಳಿಯುತ್ತಾ ಬಂತು. ನಾವು ತಿನ್ನುವ ಅನ್ನದ ಮೂಲಕ ಆಯಾ ವರ್ಷದ ಈ ಗುರುತು ದೇಹಕ್ಕೆ ಇಳಿಯುತ್ತದೆ. ಅದನ್ನು ಓದಲು ಪರಮಾಣು ಸಾಯುವವರೆಗೆ ಕಾಯುವುದೂ ಬೇಡ, ವೇಗವರ್ಧಕ ಯಂತ್ರದಲ್ಲಿ ಪರಮಾಣುಗಳನ್ನೇ ನೇರವಾಗಿ ಎಣಿಸುತ್ತಾರೆ.

ತೊಂದರೆಯೆಂದರೆ ದೇಹದ ಬಹುಪಾಲು ಇಂಗಾಲ ನಿಲ್ಲುವುದಿಲ್ಲ, ಊಟದೊಂದಿಗೆ ಬದಲಾಗುತ್ತಲೇ ಇರುತ್ತದೆ. ನಿಲ್ಲುವ ಜಾಗಗಳು ಕೆಲವೇ. ಹಲ್ಲಿನ ಎನಾಮಲ್ ಒಮ್ಮೆ ಕಟ್ಟಿಕೊಂಡ ಮೇಲೆ ಹೊಸದಾಗುವುದಿಲ್ಲ, ಕಣ್ಣಿನ ಮಸೂರದ ನಡುಭಾಗದ ಪ್ರೋಟೀನು ಹುಟ್ಟಿನ ಆಸುಪಾಸಿನದು. ಸ್ಟಾಕ್‌ಹೋಮಿನ ಕರೊಲಿನ್‌ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ಮತ್ತು ಕರ್ಸ್ಟಿ ಸ್ಪಾಲ್ಡಿಂಗ್ ಅವರ ತಂಡ ಜೀವಕೋಶಗಳ ಡಿಎನ್ಎಯನ್ನೇ ಹೀಗೆ ಅಳೆದು, ಕೊಬ್ಬಿನ ಕೋಶಗಳಲ್ಲಿ ವರ್ಷಕ್ಕೆ ಶೇಕಡಾ 10ರಷ್ಟು ಹೊಸದಾಗುತ್ತವೆ, ಹೃದಯದ ಸ್ನಾಯುಕೋಶಗಳಲ್ಲಿ 25ರ ಪ್ರಾಯದಲ್ಲಿ ಶೇಕಡಾ 1ರಷ್ಟು, 75ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಹೊಸದಾಗುತ್ತವೆ, ಮಿದುಳಿನ ತೊಗಟೆಯ ನರಕೋಶಗಳಿಗಾದರೋ ಆ ಮನುಷ್ಯನಷ್ಟೇ ವಯಸ್ಸು ಎಂದು ತೋರಿಸಿತು.

ಆದರೂ ನಿಮ್ಮ ವಿದ್ಯಾರ್ಥಿಯ ಅಜ್ಜಿ ಹುಟ್ಟಿದ್ದು ಬಾಂಬಿಗೆ ಮೊದಲು. ಆ ಕಾಲದಲ್ಲಿ ಗಾಳಿಯ ಇಂಗಾಲ-14ರ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ಮಸೂರ 1955ಕ್ಕಿಂತ ಹಿಂದಿನದು ಎಂದಷ್ಟೇ ಹೇಳೀತು. ಈಗಿನ ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಮಸೂರವನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವುದರಿಂದ ಅದು ಕೈಗೂ ಸಿಕ್ಕಿರಲಾರದು. ಉಳಿದಿರುವ ಆಸೆ ಬುದ್ಧಿಹಲ್ಲು. ಅದರ ಎನಾಮಲ್ ಪೂರ್ಣಗೊಳ್ಳುವುದು ಹನ್ನೆರಡನೆಯ ವಯಸ್ಸಿನ ನಂತರ, ಅಂದರೆ ಅಜ್ಜಿಗೆ 1953ರ ಈಚೆಗೆ. ಬಾಂಬಿನ ಇಂಗಾಲ ಒಂದಿಷ್ಟು ಅಂಟಿದ್ದರೂ ಅಂಟಿರಬಹುದು.

ನಾಲೆಬಯಲು

ಹಳೆಯ ಮಳೆಯ ಪ್ರಶ್ನೆ ಹಾಗೇ ಉಳಿದಿದೆ. ಅಲ್ಲಿ ಇಂಗಾಲ-14 ಕಾಲವನ್ನು ಹೇಳುತ್ತದೆ, ಮಳೆಯನ್ನು ಹೇಳುವುದು ಕ್ಷಯಿಸದ ಅದರ ಒಡಹುಟ್ಟು ಇಂಗಾಲ-13.

ನಮ್ಮ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲೇ ಉದಾಹರಣೆ ಇದೆ. ಭತ್ತ ಗಾಳಿಯಿಂದ ಇಂಗಾಲವನ್ನು ಹಿಡಿಯುವ ರೀತಿ ಒಂದು, ಕಬ್ಬು ಮತ್ತು ರಾಗಿಯ ರೀತಿ ಇನ್ನೊಂದು. ಅಂಗೀಕೃತ ಮಾನಕಕ್ಕೆ ಹೋಲಿಸಿದಾಗ ಭತ್ತದಂಥ ಸಸ್ಯಗಳಲ್ಲಿ ಇಂಗಾಲ-13 ಸಾವಿರಕ್ಕೆ ಸುಮಾರು 27 ಪಾಲು ಕಡಿಮೆ, ಕಬ್ಬು, ರಾಗಿಗಳಲ್ಲಿ ಸುಮಾರು 12 ಪಾಲು ಕಡಿಮೆ. ಜೇನುತುಪ್ಪಕ್ಕೆ ಬೆಲ್ಲದ ಪಾಕ ಬೆರೆಸಿದವರು ಪ್ರಯೋಗಾಲಯದಲ್ಲಿ ಸಿಕ್ಕಿಬೀಳುವುದು ಈ ವ್ಯತ್ಯಾಸದಿಂದಲೇ. ದಿನಾ ಮುದ್ದೆ ಉಣ್ಣುವವರ ಕೂದಲಿಗೂ ಅನ್ನ ಉಣ್ಣುವವರ ಕೂದಲಿಗೂ ಇದೇ ಅಂತರ ಇಳಿಯುತ್ತದೆ.

ಒಣ ಹವೆಯಲ್ಲಿ ರಾಗಿಯ ಜಾತಿಯ ಹುಲ್ಲುಗಳು ಹೆಚ್ಚುತ್ತವೆ, ತೇವ ಹೆಚ್ಚಿದಾಗ ಇನ್ನೊಂದು ಬಗೆಯ ಗಿಡಗಳು. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿದರೆ ಸಿಗುವ ನೀಲಗಿರಿಯ ಜೌಗುಗಳಲ್ಲಿ ಕೊಳೆಯದೆ ಪದರಪದರವಾಗಿ ಕೂತ ಸಸ್ಯಶೇಷವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಸಂಗಡಿಗರು ಅಳೆದು 1993ರಲ್ಲಿ ಪ್ರಕಟಿಸಿದರು. ಸುಮಾರು 18ರಿಂದ 20 ಸಾವಿರ ವರ್ಷಗಳ ಹಿಂದೆ ಅಲ್ಲಿ ಒಣ ಹುಲ್ಲುಗಾವಲು ಹಬ್ಬಿತ್ತು, 10 ಸಾವಿರ ವರ್ಷಗಳ ಹಿಂದಿನ ಹೊತ್ತಿಗೆ ಮುಂಗಾರು ಬಲವಾಗಿ ತೇವ ಮರಳಿತ್ತು. ಅಷ್ಟು ದೂರದ ಕಾಲಕ್ಕೆ 80 ವರ್ಷದ ಏರುಪೇರು ಲೆಕ್ಕಕ್ಕಿಲ್ಲ.

ಸರಸ್ವತಿಪುರಂ ನಿವೃತ್ತ

ಜೀವರಸಾಯನದವರ ತಿದ್ದುಪಡಿಯನ್ನು ಒಪ್ಪಿದೆ. ಎಂಬತ್ತು ವರ್ಷದಲ್ಲಿ ನೂರಕ್ಕೆ ಒಂದು ಪರಮಾಣು ಮಾತ್ರ ಕ್ಷಯಿಸಿರುವಾಗ ಕ್ಷಯದ ಹಿಂದೆ ಬಿದ್ದದ್ದು ನನ್ನ ಹಳೆಯ ಚಾಳಿ.

ಪಾಂಡವಪುರದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಹುಣಸೆ ಬೀಜದ ಪ್ರಯೋಗ ನಡೆಯಿತು: ಇನ್ನೂರರಲ್ಲಿ ಮೊದಲ ಸರದಿಗೆ 91 ಹೋದವು, ಎರಡನೆಯ ಸರದಿಗೆ 52. ಬುದ್ಧಿಹಲ್ಲಿನ ವಿಷಯವನ್ನು ಹುಡುಗ ಮನೆಯಲ್ಲಿ ಪ್ರಸ್ತಾಪಿಸಿದನಂತೆ. ಒಂದು ಉಳಿದಿದೆ, ಆದರೆ ಎಲೆಯಡಿಕೆ ಜಗಿಯಲು ಇರುವುದು ಅದೊಂದೇ ಆದ್ದರಿಂದ ಅಜ್ಜಿ ಕೊಡಲು ಒಪ್ಪಿಲ್ಲ.