ಬೆಂಗಳೂರು–ಲಂಡನ್ ಹಾರಾಟದ ಅವಧಿ: ಲೆಕ್ಕ ತಾಳೆಯಾಗುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರು ಅಕ್ಟೋಬರ್ ಎರಡನೆಯ ವಾರ ಬೆಂಗಳೂರಿನಿಂದ ಲಂಡನ್ನಿನ ಹೀಥ್ರೂಗೆ ನೇರ ವಿಮಾನದಲ್ಲಿ ಒಬ್ಬರೇ ಹೋಗಿ, ನವೆಂಬರ್ ಕೊನೆಯಲ್ಲಿ ಮರಳಲಿದ್ದಾರೆ. ಎಂಟು ಗಂಟೆಗೊಮ್ಮೆ ಮಾತ್ರೆ ನುಂಗಬೇಕಾದ ಅವರು, ಚೀಟಿಯಲ್ಲಿ ಹೊತ್ತು ಬರೆದುಕೊಡು ಎಂದು ಕೇಳಿದ್ದರಿಂದ ಈ ಲೆಕ್ಕಕ್ಕೆ ಕುಳಿತೆ.

ಹೋಗುವಾಗಿನ ಟಿಕೆಟ್‌ನಲ್ಲಿ ಹೊರಡುವುದು 13:20, ತಲುಪುವುದು 19:50 ಎಂದಿದೆ. ಮೊದಲು ಇದನ್ನು ಆರೂವರೆ ಗಂಟೆಯ ಪ್ರಯಾಣವೆಂದೇ ತಿಳಿದಿದ್ದೆ (ತಾಯಿಯವರೇ ನಕ್ಕು ತಿದ್ದಿದರು). ಅಲ್ಲಿನ ಬೇಸಿಗೆ ಸಮಯಕ್ಕೂ (ಆಗ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ) ನಮ್ಮ ಸಮಯಕ್ಕೂ ಇರುವ ನಾಲ್ಕೂವರೆ ಗಂಟೆಯ ಅಂತರ ಸೇರಿಸಿದರೆ ಹನ್ನೊಂದು ಗಂಟೆಯಾಗುತ್ತದೆ. ಮರಳುವಾಗ 20:30ಕ್ಕೆ ಹೊರಟು ಮರುದಿನ 11:45ಕ್ಕೆ ಇಳಿಯುತ್ತದೆ; ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುವುದರಿಂದ ಐದೂವರೆ ಗಂಟೆ ಕಳೆದಾಗ ಒಂಬತ್ತೂಮುಕ್ಕಾಲು ಗಂಟೆ ಉಳಿಯುತ್ತದೆ. ನಕ್ಷೆಯಲ್ಲಿ ನೇರ ದೂರ ಸುಮಾರು 8,000 ಕಿ.ಮೀ. ಇದ್ದು, ಗಂಟೆಗೆ 870 ಕಿ.ಮೀ. ವೇಗದಿಂದ ಭಾಗಿಸಿದರೆ ಒಂಬತ್ತು ಗಂಟೆಗಿಂತ ಸ್ವಲ್ಪವೇ ಹೆಚ್ಚು ಬರುತ್ತದೆ.

ದೂರ ಒಂದೇ ಆಗಿರುವಾಗ ಒಂದೂಕಾಲು ಗಂಟೆಯ ಈ ವ್ಯತ್ಯಾಸ ಪಶ್ಚಿಮದಿಂದ ಬೀಸುವ ಮೇಲ್ಗಾಳಿಯಿಂದ ಬರುವುದೇ, ಅಥವಾ ನನ್ನ ಸಮಯ ವಲಯದ ಲೆಕ್ಕವೇ ತಪ್ಪಿದೆಯೇ? ಟಿಕೆಟ್‌ನ ಅವಧಿಯಲ್ಲಿ ರನ್‌ವೇವರೆಗೆ ಸಾಗುವ ಹೊತ್ತೂ ಸೇರಿರುತ್ತದೆಯೇ? ಈ ಮಾರ್ಗದಲ್ಲಿ ಪ್ರಯಾಣಿಸಿದವರು ದಯವಿಟ್ಟು ತಿಳಿಸಿ.