ಫಿಟ್ಸ್ ಆಪರೇಷನ್ ಫಲ ಕೊಡುತ್ತದಾ? ಸ್ಕ್ಯಾನ್ ನೋಡಿ ಎಷ್ಟು ಹೇಳಬಹುದು?

ಪ್ರಶ್ನೆ (ಡೊಂಬಿವಲಿಯಿಂದ): ನನ್ನ ತಮ್ಮನಿಗೆ 26 ವರ್ಷ. 9 ವರ್ಷದಿಂದ ಫಿಟ್ಸ್ ಇದೆ. ಹೊಟ್ಟೆಯಿಂದ ಏನೋ ಮೇಲೆ ಬಂದ ಹಾಗಾಗುತ್ತದೆ ಅನ್ನುತ್ತಾನೆ. ಆಮೇಲೆ ಬಾಯಿ ಚಪ್ಪರಿಸುತ್ತಾ ಸುಮ್ನೆ ಎತ್ತಲೋ ನೋಡುತ್ತಾ ಕೂತುಬಿಡುತ್ತಾನೆ. ಮೂರು ಥರದ ಮಾತ್ರೆ ಆಯಿತು. ಲೋಕಲ್‌ನಲ್ಲಿ ಒಬ್ಬನನ್ನೇ ಕಳಿಸಲು ಭಯ. ಎರಡು ವರ್ಷದ ಹಿಂದಿನ ಎಂಆರ್‌ಐ ನಾರ್ಮಲ್ ಅಂತ ಬಂದಿತ್ತು. ಈಗ ಹೆಚ್ಚು ಶಕ್ತಿಯ 3 ಟೆಸ್ಲಾ ಮಷಿನ್‌ನಲ್ಲಿ ತೆಗೆಸಿದರೆ ಬಲಗಡೆ ಹಿಪೊಕ್ಯಾಂಪಲ್ ಸ್ಕ್ಲೆರೋಸಿಸ್ ಅಂತಿದೆ. ಡಾಕ್ಟರು ಆಪರೇಷನ್ ಮಾತು ತೆಗೆದಿದ್ದಾರೆ. ಯಾವ ರಿಪೋರ್ಟ್ ನಂಬಲಿ? ಗುಣ ಆಗುತ್ತದಾ ಅಂತ ಸ್ಕ್ಯಾನ್ ಹೇಳುತ್ತದಾ?

ಉತ್ತರ (ನರರೋಗ ವೈದ್ಯೆ, ಮುಂಬೈ): ನೀವು ಹೇಳಿದ ಲಕ್ಷಣಕ್ಕೆ ಎರಡನೆಯದು ಹೊಂದುತ್ತದೆ. ಹಿಪೊಕ್ಯಾಂಪಸ್ ಅಂದರೆ ಮಿದುಳಿನ ಟೆಂಪೊರಲ್ ಭಾಗದ (ಕಿವಿಯ ಪಕ್ಕದ ಭಾಗ) ಒಳಗೆ ಉದ್ದಕ್ಕೆ ಮಲಗಿದ ಸಣ್ಣ ಭಾಗ. ಅದು ಕುಗ್ಗಿ ಗಟ್ಟಿಯಾಗಿ ಕಲೆಯಾಗುವುದೇ ಸ್ಕ್ಲೆರೋಸಿಸ್. ಹಿಪೊಕ್ಯಾಂಪಸ್ ಅನ್ನು ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಡ್ಡ, ತೆಳ್ಳಗೆ ನೋಡಬೇಕು. ತಲೆನೋವಿಗೆ ತೆಗೆಯುವ ಎಂಆರ್‌ಐನಲ್ಲಿ ಹೋಳು ದಪ್ಪ, ಕೋನವೂ ಬೇರೆ. ಸಣ್ಣ ಕಲೆ ಅದರಲ್ಲಿ ತಪ್ಪಿಹೋಗುತ್ತದೆ. ಫಿಟ್ಸ್‌ಗೆಂದೇ ಹಾರ್ನೆಸ್ ಎಂಬ ಸ್ಕ್ಯಾನ್ ಕ್ರಮ 2019ರಲ್ಲಿ ಬಂದಿದೆ. ಅದರಲ್ಲಿ 1 ಮಿ.ಮೀ. ಹೋಳಿನ ಚಿತ್ರಗಳಿರುತ್ತವೆ. ಚೀಟಿಯಲ್ಲಿ 'ಫಿಟ್ಸ್' ಅಂತ ಬರೆಸದೆ ಸ್ಕ್ಯಾನ್‌ಗೆ ಹೋಗಲೇಬೇಡಿ.

ಇನ್ನು ಫಲದ ಮಾತು. ಕಲೆ ಕಂಡದ್ದು ಒಳ್ಳೆಯ ಸುದ್ದಿ ಅಂತಲೇ ನಾನು ಹೇಳುತ್ತೇನೆ. ಕಲೆ ಕಂಡವರಲ್ಲಿ ಆಪರೇಷನ್ ನಂತರ ಫಿಟ್ಸ್ ನಿಲ್ಲುವ ಸಾಧ್ಯತೆ ಜಾಸ್ತಿ. ಕೆನಡಾದಲ್ಲಿ ಟೆಂಪೊರಲ್ ಭಾಗದಿಂದ ಫಿಟ್ಸ್ ಬರುವ 80 ಜನರ ಮೇಲೆ ಒಂದು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಕೊನೆಗೆ, ಎಚ್ಚರ ತಪ್ಪಿಸುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ 58%, ಬರೀ ಮಾತ್ರೆಯ ಗುಂಪಿನಲ್ಲಿ 8%. ಕೆಲವರಿಗೆ ವರ್ಷಗಳ ನಂತರ ಮತ್ತೆ ಬರುವುದೂ ಉಂಟು.

ಆದರೆ ಸ್ಕ್ಯಾನ್ ಒಂದನ್ನೇ ನಂಬಿ ಯಾರೂ ಕತ್ತರಿ ಹಿಡಿಯುವುದಿಲ್ಲ. ವಿಡಿಯೋ ಇಇಜಿಯಲ್ಲೂ (ವಿಡಿಯೋ ತೆಗೆಯುತ್ತಾ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಫಿಟ್ಸ್ ಬಲಗಡೆಯಿಂದಲೇ ಶುರುವಾಗಬೇಕು. ಪೆಟ್ ಸ್ಕ್ಯಾನ್‌ನಲ್ಲಿ ಅದೇ ಜಾಗ ಸಕ್ಕರೆ ಕಡಿಮೆ ಬಳಸುತ್ತಿದ್ದರೆ ಇನ್ನಷ್ಟು ಧೈರ್ಯ. ಎಲ್ಲವೂ ಒಂದೇ ಜಾಗ ತೋರಿಸಿದಷ್ಟೂ ಫಲ ಚೆನ್ನಾಗಿರುತ್ತದೆ. ನಮ್ಮ ದೇಶದಲ್ಲಿ ಲಾಡಿಹುಳುವಿನ ಹಳೇ ಗಂಟು ಮಿದುಳಲ್ಲಿ ಬೇರೆ ಕಡೆ ಇರುವುದೂ ಅಪರೂಪವಲ್ಲ. ಆಗ ತಪ್ಪಿತಸ್ಥ ಯಾವುದು ಅಂತ ಹುಡುಕಬೇಕಾಗುತ್ತದೆ. ನೆನಪಿನ ಶಕ್ತಿಯ ಪರೀಕ್ಷೆಯನ್ನೂ ಮೊದಲೇ ಮಾಡಿಸಿ.

ಪ್ರಶ್ನೆ (ಮಾಟುಂಗದಿಂದ): ನಮ್ಮ ಮಗಳ ಎಂಆರ್‌ಐ ನಾರ್ಮಲ್. ಹಾಗಾದರೆ ಆಪರೇಷನ್ ಬಾಗಿಲು ಮುಚ್ಚಿತಾ?

ಉತ್ತರ: ಇಲ್ಲ. ಸಾಧ್ಯತೆ ಕಡಿಮೆ, ನಿಜ. ಮೊದಲು ಅದೇ ಸಿಡಿಯನ್ನು ಫಿಟ್ಸ್ ಸ್ಕ್ಯಾನ್ ದಿನಾ ನೋಡುವ ರೇಡಿಯಾಲಜಿಸ್ಟ್‌ಗೆ ತೋರಿಸಿ. ಎಷ್ಟೋ ಸಲ 'ನಾರ್ಮಲ್' ಅಲ್ಲೇ ಬದಲಾಗುತ್ತದೆ. ಇಲ್ಲದಿದ್ದರೆ ಪೆಟ್ ಇದೆ. ಮಿದುಳೊಳಗೆ ತಂತಿ ಇಟ್ಟು ಇಇಜಿ ತೆಗೆಯುವ ದಾರಿಯೂ ಇದೆ.

ಡೊಂಬಿವಲಿ: ತುಂಬ ಉಪಕಾರವಾಯಿತು ಮೇಡಂ. ಹಳೇ ಸಿಡಿ ಕೂಡ ಒಯ್ಯಬೇಕಾ?

ಉತ್ತರ: ಖಂಡಿತ. ಫಿಟ್ಸ್ ಬಂದಾಗಿನ ಫೋನ್ ವಿಡಿಯೋ ಇದ್ದರೆ ಅದನ್ನೂ ತೋರಿಸಿ. ಆಪರೇಷನ್ ಆದ ಮೇಲೂ ಡಾಕ್ಟರು ಹೇಳುವ ತನಕ ಒಂದು ಮಾತ್ರೆಯೂ ತಪ್ಪಬಾರದು.